ಫಕೀರಪ್ಪ ಆಡಿದ ಒಂದು ಮರಾಠಿ ಮಾತು

ಫಕೀರಪ್ಪ ಪುಣೆಗೆ ಬಂದ ಮೇಲೆ ಅವನ ಕರಿಗೂದಲು ಬಿಳಿಯಾಯಿತು, ಬಿಳಿಯಾದದ್ದರಲ್ಲಿ ಅರ್ಧ ಉದುರಿಯೂ ಹೋಯಿತು. ಆದರೆ ಅವನ ಮರಾಠಿ ಮಾತ್ರ ಇನ್ನೂ ರೋಣದ ಬಸ್ ಸ್ಟ್ಯಾಂಡಿನಲ್ಲೇ ಗಂಟುಮೂಟೆ ಹಿಡಿದುಕೊಂಡು ನಿಂತಿತ್ತು. ಮಾರ್ಕೆಟ್ ಯಾರ್ಡಿನ ಲಾರಿ ಕಚೇರಿಯೊಂದರಲ್ಲಿ ಅವನು ಗುಮಾಸ್ತ. ಅಲ್ಲಿಗೆ ಬರುವ ಡ್ರೈವರುಗಳಲ್ಲಿ ಮುಕ್ಕಾಲು ಜನ ವಿಜಯಪುರ, ಬಾಗಲಕೋಟೆ ಕಡೆಯವರು. ಹಾಗಾಗಿ ಹೊಟ್ಟೆಪಾಡಿಗೆ ಮರಾಠಿ ಬೇಕಾಗಿರಲಿಲ್ಲ. ಮನೆಯ ಹೊರಗೆ ಬೇಕಾದಾಗ ಕನ್ನಡದಲ್ಲಿ ಯೋಚಿಸಿ, ಒಂದೊಂದೇ ಪದಕ್ಕೆ ಮರಾಠಿಯ ಅಂಗಿ ತೊಡಿಸಿ ಬೀದಿಗೆ ಬಿಡುತ್ತಿದ್ದ. ಕೆಲವು ಪದಗಳಿಗೆ ಅಂಗಿ ಸರಿಹೊಂದುತ್ತಿತ್ತು, ಕೆಲವಕ್ಕೆ ತೋಳು ಸಾಲುತ್ತಿರಲಿಲ್ಲ. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು.

ಅನಾಹುತವಾದದ್ದು 'ಆತು' ಎಂಬ ಪದಕ್ಕೆ ಅಂಗಿ ತೊಡಿಸಿದ ದಿನ. ಉತ್ತರ ಕರ್ನಾಟಕದ ಈ ಆತು ಭಾರೀ ಘನವಾದ ಮಾತು. ಕೆಲಸ ಮುಗಿದರೆ ಆತು. ಯಾರೋ ಕೆಲಸ ಹೇಳಿದಾಗ ಮಾಡುತ್ತೇನೆಂದು ಒಪ್ಪಿದರೂ ಆತು. ಮಾಡುವ ಮನಸ್ಸೇ ಇಲ್ಲದೆ ಹೇಳಿದವನನ್ನು ಸಾಗಹಾಕಬೇಕಿದ್ದರೂ ಆತು. ಮಾಡಿದವರು ಯಾರು, ಮಾಡುವವರು ಯಾರು ಎಂಬ ತಂಟೆಗೆ ಅದು ಹೋಗುವುದೇ ಇಲ್ಲ. ಕನ್ನಡದವರಾದರೆ ಆಡಿದವನ ಮುಖ ನೋಡಿ ಇದು ಯಾವ ಆತು ಎಂದು ತಿಳಿದುಕೊಳ್ಳುತ್ತಾರೆ. ಮರಾಠಿಯಲ್ಲಿ ಅದನ್ನು ಪದಕ್ಕೆ ಪದ ಹೇಳಿದರೆ 'ಝಾಲಂ' ಎಂದಾಗುತ್ತದೆ. ಪುಣೆಯಲ್ಲಿ ಕೆಲಸದ ಮಾತು ಬಂದಾಗ ಝಾಲಂ ಎಂದರೆ ಮುಗಿದೇ ಹೋಯಿತು ಎಂದರ್ಥ.

ಫಕೀರಪ್ಪ ವಾಸವಿದ್ದ ಧನಕವಡಿಯ ಸ್ನೇಹಧಾರಾ ಸೊಸೈಟಿ ನಾಲ್ಕು ಮಹಡಿಯ ಹಳೆಯ ಕಟ್ಟಡ. ಅದರ ಲಿಫ್ಟು ಗಣಪತಿ ಹಬ್ಬದ ಹೊತ್ತಿಗೆ ನಿಂತದ್ದು ದೀಪಾವಳಿ ಬಂದರೂ ಅಲುಗಿರಲಿಲ್ಲ. ಮೆಟ್ಟಿಲು ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಕೆಳಗಿನ ಮಹಡಿಯವರು ಮೇಲಿನವರಿಗೆ ಸಮಾಧಾನ ಹೇಳಿಕೊಂಡಿದ್ದರು. ಅಷ್ಟರಲ್ಲಿ ನಾಲ್ಕನೇ ಮಹಡಿಯ ಅನಂತರಾಮು ಅವರಿಗೆ ಪಾರ್ಶ್ವವಾಯು ಹೊಡೆಯಿತು. ಮೈಸೂರಿನ ಕಡೆಯವರು, ಖಡಕಿಯ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು, ಮಕ್ಕಳಿಲ್ಲ. ಆಂಬುಲೆನ್ಸಿನವರು ಅವರನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಮೆಟ್ಟಿಲಲ್ಲೇ ಇಳಿಸಿಕೊಂಡು ಹೋದರು. ಅವರ ಹೆಂಡತಿ ಪುಟ್ಟತಾಯಮ್ಮ ಮಾತ್ರ ಮೇಲೆಯೇ ಉಳಿದರು. ಎರಡೂ ಮಂಡಿ ಹೋಗಿ ವರ್ಷಗಳಾಗಿದ್ದವು. ಮನೆಯೊಳಗೆ ಕೋಲು ಹಿಡಿದು ಓಡಾಡಬಲ್ಲವರು ಒಂದು ಮೆಟ್ಟಿಲನ್ನೂ ಇಳಿಯಲಾರರು.

ಅದಕ್ಕೇ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕರೆದಿದ್ದರು. ಚೇರ್ಮನ್ ದೇವಧರ ನಿವೃತ್ತ ಹೆಡ್‌ಮಾಸ್ತರರು. ಸಭೆಯನ್ನು ತರಗತಿ ಎಂದೇ ಭಾವಿಸಿ, ಯಾರ ಮೇಲೆ ಪ್ರಶ್ನೆ ಎಸೆಯಲಿ ಎಂದು ಕಣ್ಣಾಡಿಸಿದರು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಫಕೀರಪ್ಪ ಕಾಣಿಸಿದ.

"ಅಣ್ಣಾ, ಲಿಫ್ಟ್ ಕಂಪನಿಯ ಕಚೇರಿ ನಿಮ್ಮ ಮಾರ್ಕೆಟ್ ಯಾರ್ಡಿನ ಹತ್ತಿರವೇ ಅಲ್ಲವೇ? ಮೇಲಿನ ಅಜ್ಜಿ ಗಂಡನ ಮುಖ ನೋಡಬೇಕೆಂದು ಅಳುತ್ತಿದ್ದಾರೆ. ಆ ಲಿಫ್ಟಿನ ಕೆಲಸ ಸ್ವಲ್ಪ ನೋಡಿ" ಎಂದರು ಮರಾಠಿಯಲ್ಲಿ.

ಫಕೀರಪ್ಪನ ಮನಸ್ಸಿನಲ್ಲಿ ಬಂದದ್ದು "ಆತು ತಗೋರಿ." ಬಾಯಿಂದ ಹೊರಟದ್ದು "ಝಾಲಂ!"

ದೇವಧರ ಕನ್ನಡಕ ತೆಗೆದರು. "ಝಾಲಂ?"

"ಝಾಲಂ, ಝಾಲಂ" ಎಂದು ಫಕೀರಪ್ಪ ತಲೆಯಾಡಿಸಿದ. ಒಪ್ಪಿಕೊಂಡದ್ದನ್ನು ಇಷ್ಟೊಂದು ಸಲ ಕೇಳುವುದೇಕೆ ಎಂದು ಅವನಿಗೆ ಸ್ವಲ್ಪ ಬೇಸರವೂ ಆಯಿತು.

ದೇವಧರ ಎದ್ದು ನಿಂತರು. "ನೋಡಿ! ನಾವೆಲ್ಲ ಇಲ್ಲಿ ಬರೀ ಬಾಯಿಮಾತು ಆಡುತ್ತ ಕೂತಿದ್ದೇವೆ. ಈ ಮನುಷ್ಯ ಯಾರಿಗೂ ಹೇಳದೆ ಕೇಳದೆ ಕೆಲಸ ಮಾಡಿ ಮುಗಿಸಿ, ಮೂಲೆಯಲ್ಲಿ ಕಣ್ಣುಮುಚ್ಚಿ ಕೂತಿದ್ದಾನೆ!" ಚಪ್ಪಾಳೆಯಾಯಿತು. ಯಾರೋ ಮನೆಯ ದೇವರಿಗೆಂದು ತಂದಿದ್ದ ಚೆಂಡುಹೂವಿನ ಹಾರ ಮುಂದೆ ಬಂತು. ಎರಡು ವರ್ಷದಿಂದ ಯಾರೂ ಒಪ್ಪದೆ ಖಾಲಿ ಬಿದ್ದಿದ್ದ ಸೆಕ್ರೆಟರಿ ಹುದ್ದೆಯನ್ನು ಅಲ್ಲೇ, ನಿಂತ ನಿಲುವಿನಲ್ಲೇ ಫಕೀರಪ್ಪನಿಗೆ ಕೊಟ್ಟರು.

ಹಾರ ಕಿವಿಯ ಹತ್ತಿರ ಇಳಿಯುತ್ತಿರುವಾಗ ಫಕೀರಪ್ಪನಿಗೆ ಏನಾಗಿದೆಯೆಂದು ತಿಳಿಯಿತು. ಆಗ ಬಾಯಿಬಿಡಬಹುದಿತ್ತು. ಆದರೆ ಇಷ್ಟು ವರ್ಷ 'ಏ ಅಣ್ಣಾ' ಎಂದು ಕರೆದವರು ಈಗ 'ಸೆಕ್ರೆಟರಿ ಸಾಹೇಬ' ಎನ್ನುತ್ತಿದ್ದರು. ಅವನ ಮರಾಠಿಯನ್ನು ಅಣಕಿಸುತ್ತಿದ್ದ ಎರಡನೇ ಮಹಡಿಯ ಹೆಂಗಸರು ಕೈಮುಗಿಯುತ್ತಿದ್ದರು. ಹೂವಿನ ವಾಸನೆ ಹಿತವಾಗಿತ್ತು. ನಾಳೆ ಬೆಳಗ್ಗೆ ಕಂಪನಿಗೆ ಫೋನ್ ಮಾಡಿದರೆ ಸುಳ್ಳು ತಾನಾಗಿ ನಿಜವಾಗುತ್ತದೆ ಎಂದುಕೊಂಡು ಕತ್ತು ಬಗ್ಗಿಸಿದ.

ಅಲ್ಲೇ ಇದ್ದ ಲಿಫ್ಟಿನ ಗುಂಡಿ ಒತ್ತಿ ನೋಡಲು ಒಬ್ಬರು ಹೊರಟರು. ದೇವಧರ ತಡೆದರು. "ಒಳ್ಳೆಯ ಕೆಲಸ, ಪೂಜೆ ಇಲ್ಲದೆ ಶುರು ಮಾಡುವುದೇ? ಶುಕ್ರವಾರ ತೆಂಗಿನಕಾಯಿ ಒಡೆಯೋಣ."

ಮರುದಿನ ಫಕೀರಪ್ಪ ಕಚೇರಿಯಿಂದಲೇ ಫೋನ್ ಮಾಡಿದ. ನಡೆದುಹೋದರೆ ಒಂದು ಬೀಡಾ ಅಗಿದು ಮುಗಿಸುವಷ್ಟು ದೂರದ ಕಚೇರಿ. ಆದರೆ ಸೆಕ್ರೆಟರಿಯಾದವನು ಬಿಸಿಲಲ್ಲಿ ನಡೆದುಹೋಗುವುದು ಚೆನ್ನಾಗಿ ಕಾಣುವುದಿಲ್ಲ. ಆ ಕಡೆಯಿಂದ ಹುಡುಗಿಯೊಬ್ಬಳು ಹಿಂದಿಯಲ್ಲಿ, ಕಂಪ್ಲೇಂಟ್ ದಾಖಲು 'ಹೋ ಗಯಾ', ರಿಪೇರಿಯೂ 'ಹೋ ಜಾಯೇಗಾ' ಎಂದಳು. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂದರೆ "ಹೋ ಜಾಯೇಗಾ ಸರ್" ಎಂದು ಇನ್ನಷ್ಟು ಮಧುರವಾಗಿ ಹೇಳಿದಳು. ಫಕೀರಪ್ಪನಿಗೆ ನೆಮ್ಮದಿಯಾಯಿತು. ಕನ್ನಡದಲ್ಲಿ ಆತು, ಮರಾಠಿಯಲ್ಲಿ ಝಾಲಂ, ಹಿಂದಿಯಲ್ಲಿ ಹೋ ಗಯಾ. ಮೂರು ಭಾಷೆಗಳಲ್ಲಿ ಕೆಲಸ ಮುಗಿದಿತ್ತು. ಲಿಫ್ಟಿಗೆ ಮೂರರಲ್ಲಿ ಒಂದೂ ಬರುತ್ತಿರಲಿಲ್ಲ, ಅಷ್ಟೇ.

ಶುಕ್ರವಾರ ಬೆಳಗ್ಗೆ ಲಿಫ್ಟಿನ ಬಾಗಿಲಿಗೆ ಮಾವಿನೆಲೆ ಕಟ್ಟಿದರು. ವಾಚ್‌ಮನ್ ಶಿಂದೆ ರಂಗೋಲಿ ಹಾಕಿಸಿದ. ದೇವಧರ ಕಾಯಿ ಒಡೆದು, ಸೆಕ್ರೆಟರಿ ಸಾಹೇಬರ ಕೈಯಲ್ಲೇ ಗುಂಡಿ ಒತ್ತಿಸಿದರು. ಕೆಂಪು ದೀಪ ಹೊತ್ತಿತು. ಜನ ಚಪ್ಪಾಳೆ ತಟ್ಟಿದರು. ಲಿಫ್ಟು ಬರಲಿಲ್ಲ. ಇನ್ನೊಮ್ಮೆ ಒತ್ತಿಸಿದರು, ಇನ್ನೊಮ್ಮೆ ದೀಪ ಹೊತ್ತಿತು, ಚಪ್ಪಾಳೆ ಸ್ವಲ್ಪ ಕಡಿಮೆಯಾಯಿತು.

"ಮೇಲೆ ಯಾರೋ ಬಾಗಿಲು ತೆರೆದಿಟ್ಟಿರಬೇಕು" ಎಂದರು ದೇವಧರ.

ನೋಡಿ ಬರಲು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ ಅಭಿಲಾಷನನ್ನು ಓಡಿಸಿದರು. ಅವನು ಬೆಂಗಳೂರಿನವನು, ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ, ಕ್ಯಾಬಿಗೆ ಕಾಯುತ್ತ ಕೈಗೆ ಸಿಕ್ಕಿಬಿದ್ದಿದ್ದ. ಹೋದವನು ಏದುಸಿರು ಬಿಡುತ್ತ ಇಳಿದು ಬಂದು ಫಕೀರಪ್ಪನ ಕಿವಿಯ ಹತ್ತಿರ ಕನ್ನಡದಲ್ಲಿ ಹೇಳಿದ.

"ಅಂಕಲ್, ಎಲ್ಲಾ ಡೋರೂ ಕ್ಲೋಸ್ ಆಗೇ ಇದೆ. ಆದ್ರೆ ಮೇಲೆ ಪುಟ್ಟತಾಯಮ್ಮ ಆಂಟಿ ಫುಲ್ ರೆಡಿಯಾಗಿ ಲಿಫ್ಟ್ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದಾರೆ. ಎಷ್ಟೊತ್ತಿಗೆ ಬರತ್ತೆ ಅಂತ ಕೇಳ್ತಿದಾರೆ. ಏನು ಹೇಳ್ಲಿ?"

ಫಕೀರಪ್ಪ ತಾನೇ ಮೆಟ್ಟಿಲು ಹತ್ತಿದ. ಪುಟ್ಟತಾಯಮ್ಮ ಹಸಿರು ರೇಷ್ಮೆಸೀರೆ ಉಟ್ಟು, ಹೆರಳಿಗೆ ಒಂದು ತುಂಡು ಮಲ್ಲಿಗೆ ಮುಡಿದು, ತೊಡೆಯ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಮದುವೆಮನೆಯ ಬಸ್ಸಿಗೆ ಕಾದವರ ಹಾಗೆ ಕಾಣುತ್ತಿದ್ದರು.

"ಬಂದ್ರಾ ಫಕೀರಪ್ಪನೋರೇ? ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ. ಮೆಣಸಿನ ಸಾರು ಮಾಡ್ಕೊಂಡಿದೀನಿ, ಆಸ್ಪತ್ರೆ ಊಟ ಅವ್ರಿಗೆ ಸೇರಲ್ಲ. ಮಾತು ನಿಂತೋಗಿದೆಯಂತೆ. ಪರವಾಗಿಲ್ಲ. ನಾನು ಕೈ ಹಿಡ್ಕೊಂಡ್ರೆ ಸಾಕು, ಇವಳೇ ಅಂತ ಗೊತ್ತಾಗತ್ತೆ ಅವ್ರಿಗೆ."

ಫಕೀರಪ್ಪ ಲಿಫ್ಟಿನ ಬಾಗಿಲ ಕಡೆ ನೋಡಿದ. "ಬರ್ತದ್ರೀ ಅಮ್ಮಾರ. ರಿಪೇರಿ ಆಗಿದ್ದು ಹೊಸಾದು ನೋಡ್ರಿ, ಇನ್ನ ರೂಢಿ ಆಗಿಲ್ಲ. ಒಂದೆರಡು ದಿನದಾಗ ಚೊಲೋ ಓಡ್ತದ."

"ಲಿಫ್ಟಿಗೂ ರೂಢಿ ಆಗ್ಬೇಕೇನ್ರೀ?" ಎಂದು ಅವರು ನಕ್ಕರು. ನಕ್ಕು, ಫ್ಲಾಸ್ಕ್ ಅವನ ಕೈಗೆ ಕೊಟ್ಟು, "ಇವತ್ತು ನಿಮ್ಮ ಹೆಂಡ್ತಿ ಚನ್ನಬಸವ್ವನ ಕೈಲಿ ಕಳ್ಸಿ. ನಾಳೆ ನಾನೇ ತಗೊಂಡು ಹೋಗ್ತೀನಿ" ಎಂದರು.

ಅಂದಿನಿಂದ ಸ್ನೇಹಧಾರಾದಲ್ಲಿ ವಿಚಿತ್ರವಾದ ಕಾಲ ಶುರುವಾಯಿತು. ಲಿಫ್ಟು ಆಗಿಹೋಗಿದೆ ಎಂದು ತೀರ್ಮಾನವಾಗಿತ್ತು, ಅದಕ್ಕೆ ಹಾರವೂ ಬಿದ್ದಿತ್ತು, ಕಾಯಿಯೂ ಒಡೆದಿತ್ತು. ಆದ್ದರಿಂದ ಅದು ರಿಪೇರಿಯೇ ಆಗಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಆಗಿ ಮತ್ತೆ ಕೆಟ್ಟಿದೆ, ಕಂಪನಿಯವರು ಮೋಸಗಾರರು ಎಂದು ದೇವಧರ ದಿನಪತ್ರಿಕೆಗೆ ಪತ್ರ ಬರೆದರು. ವೋಲ್ಟೇಜು ಸಾಲುತ್ತಿಲ್ಲ ಎಂದು ಮೊದಲ ಮಹಡಿಯವರು ವಿದ್ಯುತ್ ಕಚೇರಿಗೆ ಹೋಗಿ ಜಗಳವಾಡಿ ಬಂದರು. ಎರಡನೇ ಮಹಡಿಯ ಹೆಂಗಸರು ಇದು ಪಕ್ಕದ ಸೊಸೈಟಿಯವರ ಕಣ್ಣು ಎಂದು ಪತ್ತೆಹಚ್ಚಿ, ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಲಿಫ್ಟಿನ ಬಾಗಿಲಿಗೆ ಕಟ್ಟಿದರು. ಪ್ರತಿಯೊಬ್ಬರೂ ಇನ್ನೊಬ್ಬರು ಏನೋ ಮಾಡುತ್ತಿದ್ದಾರೆಂದು ನಂಬಿಕೊಂಡಿದ್ದರು. ಫಕೀರಪ್ಪ ಆಗಾಗ ಫೋನ್ ಮಾಡಿ ಹೋ ಜಾಯೇಗಾ ಕೇಳಿಸಿಕೊಂಡು ಬರುತ್ತಿದ್ದ.

ಪುಟ್ಟತಾಯಮ್ಮ ದಿನವೂ ಸೀರೆ ಉಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದರು. ಹೊತ್ತೇರಿದ ಮೇಲೆ ಫ್ಲಾಸ್ಕ್ ಮಾತ್ರ ಕೆಳಗಿಳಿಯುತ್ತಿತ್ತು.

ಫ್ಲಾಸ್ಕ್ ಒಯ್ಯುತ್ತಿದ್ದ ಚನ್ನಬಸವ್ವ ಒಂದು ದಿನ ಆಸ್ಪತ್ರೆಯಿಂದ ಬಂದವಳೇ ಚಪ್ಪಲಿಯನ್ನೂ ಬಿಡದೆ ಗಂಡನ ಮುಂದೆ ನಿಂತಳು.

"ಅಲ್ರೀ, ಕುರ್ಚ್ಯಾಗ ಕುಂಡ್ರಿಸಿ ನಾಕ ಮಂದಿ ಎತ್ತಿದ್ರ ಮುಗೀತಲ್ಲ? ನೀವು ಅದೀರಿ, ಅಭಿಲಾಷ ಅದಾನ, ಶಿಂದೆ ಅದಾನ. ಅಜ್ಜಾರು ಬಾಗಲಾ ನೋಡ್ಕೋತ ಮಲಗ್ಯಾರ್ರಿ. ನಾ ಒಳಗ ಹೋದ್ರ ಕಣ್ಣು ದೊಡ್ಡವು ಮಾಡ್ತಾರ, ನನ್ನ ನೋಡಿ ಮತ್ತ ಮುಚ್ಚಿಬಿಡ್ತಾರ."

"ನಿನಗ ತಿಳ್ಯಂಗಿಲ್ಲ, ಸುಮ್ನಿರು. ಲಿಫ್ಟ್ ಇರೂ ಬಿಲ್ಡಿಂಗಿನ್ಯಾಗ ಮುದುಕಿನ್ನ ಹೊತ್ಕೊಂಡು ಇಳಿಸಿದ್ರ ಮಂದಿ ಏನಂದಾರು? ಸೆಕ್ರೆಟರಿ ಮಾನ ಏನಾಗಬೇಕು?"

"ಲಿಫ್ಟ್ ಎಲ್ಲದ?"

"ಆಗೇದಲ್ಲ!"

"ಯಾರ ಮಾಡ್ಯಾರ?"

ಫಕೀರಪ್ಪ ಪೇಪರು ಮುಖಕ್ಕೆ ಅಡ್ಡ ಹಿಡಿದ. ಚನ್ನಬಸವ್ವ ಒಳಗೆ ಹೋದಳು. ಆ ದಿನ ಅವಳು ಬಡಿಸಿದ ರೊಟ್ಟಿ ತಟ್ಟೆಗೆ ಸದ್ದು ಮಾಡಿಕೊಂಡೇ ಬಿದ್ದವು.

ನಡುವೆ ಅಭಿಲಾಷ ಒಂದು ಉಪಾಯ ಮಾಡಿದ. ಭಾನುವಾರ ಆಸ್ಪತ್ರೆಗೆ ಹೋಗಿ ವಿಡಿಯೋ ಕಾಲ್ ಹಚ್ಚಿದ. ಮೇಲೆ ಪುಟ್ಟತಾಯಮ್ಮನ ಮುಂದೆ ಫೋನ್ ಹಿಡಿದು ಕೂತವನು ಫಕೀರಪ್ಪ. ಮೊದಲು ನರ್ಸಿನ ಮೊಣಕೈ ಕಾಣಿಸಿತು, ಆಮೇಲೆ ತಿರುಗುವ ಫ್ಯಾನು, ಆಮೇಲೆ ಬಹಳ ದೊಡ್ಡದಾಗಿ ಅನಂತರಾಮು ಅವರ ಒಂದು ಕಿವಿ. "ಆಂಟಿ, ಕಾಣಿಸ್ತಿದೆಯಾ? ಸಿಗ್ನಲ್ ವೀಕ್ ಇದೆ" ಎಂದು ಅಭಿಲಾಷ ಕೂಗುತ್ತಿದ್ದ. ಕಿವಿ ಅಲ್ಲೇ ಅಂಟಿಕೊಂಡು ನಿಂತುಬಿಟ್ಟಿತು.

"ಇರ್ಲಿ ಬಿಡಪ್ಪ. ಹೇಳೋದು ಕಿವಿಗೇ ತಾನೆ" ಎಂದರು ಪುಟ್ಟತಾಯಮ್ಮ. "ರೀ, ನಾನು ಕಣ್ರೀ. ಬರ್ತಾ ಇದೀನಿ. ಫಕೀರಪ್ಪನೋರು ಲಿಫ್ಟ್ ಮಾಡಿಸ್ತಾ ಇದಾರೆ. ಇನ್ನೇನು, ಬಂದ್ಬಿಟ್ಟೆ."

ಫಕೀರಪ್ಪನಿಗೆ ಅಲ್ಲಿ ಕೂರಲಾಗಲಿಲ್ಲ. ನಾಳೆ ಖಂಡಿತ ಕಂಪನಿಗೆ ನಾನೇ ಹೋಗುತ್ತೇನೆ ಎಂದು ನಿರ್ಧರಿಸಿದ. ಆ ನಾಳೆ ಬಂದಾಗ ಕಚೇರಿಗೆ ಒಂದು ಲಾರಿ ಪಲ್ಟಿಯಾದ ಸುದ್ದಿ ಬಂತು. ಮರುದಿನ ಮ್ಯಾನೇಜರು ರಜೆ ಹಾಕಿದ. ಅದರ ಮರುದಿನ ಬೆಳಗ್ಗೆ ಅನಂತರಾಮು ತೀರಿಕೊಂಡರು.

ಶವದ ಗಾಡಿ ಗೇಟಿನೊಳಗೆ ಬಂದು ನಿಂತಾಗ ಇಡೀ ಸೊಸೈಟಿ ಕೆಳಗಿತ್ತು. ದೇವಧರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೇಲಿನ ಅಜ್ಜಿಯ ವಿಷಯ ಏನು ಮಾಡುವುದು, ಅಭಿಪ್ರಾಯ ಹೇಳಿ ಎಂದು ಕೇಳಿದರು. ಅಭಿಪ್ರಾಯಗಳು ಬರತೊಡಗಿದವು. ಅಷ್ಟರಲ್ಲಿ ಚನ್ನಬಸವ್ವ ಪಾರ್ಕಿಂಗಿನಿಂದ ಒಂದು ಕುರ್ಚಿ ಎತ್ತಿ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು. ಯಾರನ್ನೂ ಕೇಳಲಿಲ್ಲ, ಯಾರ ಕಡೆಗೂ ನೋಡಲಿಲ್ಲ. ಅವಳ ಹಿಂದೆ ಅಭಿಲಾಷ ಹೋದ, ಶಿಂದೆ ಹೋದ, ದೇವಧರರೂ ಧೋತರ ಎತ್ತಿ ಕಟ್ಟಿಕೊಂಡು ಹೋದರು. ಫಕೀರಪ್ಪ ಎಲ್ಲರಿಗಿಂತ ಹಿಂದೆ ಹೋದ.

ಪುಟ್ಟತಾಯಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಬೀಳದ ಹಾಗೆ ಚನ್ನಬಸವ್ವನ ಹಳೆಯ ಇಳಕಲ್ ಸೀರೆಯಿಂದ ಸೊಂಟಕ್ಕೆ ಬಿಗಿದು, ನಾಲ್ಕು ಜನ ನಾಲ್ಕು ಕಾಲು ಹಿಡಿದರು. ಭಾರವೇನೋ ಇತ್ತು. ಶಿಂದೆ ತಿರುವಿನಲ್ಲಿ 'ಹಳೂ, ಹಳೂ', ನಿಧಾನ, ಎನ್ನುತ್ತಿದ್ದ. ಎರಡನೇ ಮಹಡಿಯಲ್ಲಿ ಉಸಿರಾಡಲು ಒಮ್ಮೆ ಇಳಿಸಿದರು. ಪುಟ್ಟತಾಯಮ್ಮ ಇಳಿದು ಬಂದ ಮೆಟ್ಟಿಲುಗಳನ್ನೂ, ಕೆಳಗೆ ಉಳಿದ ಮೆಟ್ಟಿಲುಗಳನ್ನೂ ನೋಡಿದರು.

"ಇಷ್ಟೇನಾ?" ಎಂದರು.

"ಏನ್ರೀ ಅಮ್ಮಾರ?" ಎಂದ ಫಕೀರಪ್ಪ.

"ಕೆಳಗೆ ಹೋಗೋದು ಇಷ್ಟೇನಾ ಅಂತ ಕೇಳ್ದೆ."

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳಿದ ಹಾಗಿತ್ತು. ಕನ್ನಡ ಬಾರದ ದೇವಧರರೂ ಮುಖ ತಿರುಗಿಸಿಕೊಂಡರು. ನಾಲ್ವರೂ ಮತ್ತೆ ಕುರ್ಚಿ ಎತ್ತಿದರು. ಕೆಳಗೆ ಗಾಡಿಯ ಪಕ್ಕ ಕುರ್ಚಿ ಇಟ್ಟಾಗ ಪುಟ್ಟತಾಯಮ್ಮ ಗಂಡನ ಕೈ ಹಿಡಿದುಕೊಂಡರು. ಆ ಕೈಗೆ ಇನ್ನು ಏನೂ ಗೊತ್ತಾಗುವಂತಿರಲಿಲ್ಲ. ಆದರೂ ಅವರು ಬಹಳ ಹೊತ್ತು ಬಿಡಲಿಲ್ಲ, ಡ್ರೈವರು ಎರಡು ಸಲ ಕೆಮ್ಮಿದರೂ ಬಿಡಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಫಕೀರಪ್ಪ ಲಿಫ್ಟ್ ಕಂಪನಿಗೆ ನಡೆದುಕೊಂಡು ಹೋದ. ಬಿಸಿಲಿತ್ತು. ಅಲ್ಲಿ ಕೂತವನು ಕಂಪ್ಯೂಟರ್ ನೋಡಿ ಮರಾಠಿಯಲ್ಲಿ ಹೇಳಿದ. "ಸ್ನೇಹಧಾರಾ? ನಮ್ಮ ಮೆಕ್ಯಾನಿಕ್ ನಿಮ್ಮ ಮೊದಲ ಫೋನ್ ಬಂದ ವಾರವೇ ಬಂದಿದ್ದನಲ್ಲ. ನಿಮ್ಮ ವಾಚ್‌ಮನ್ ಒಳಗೆ ಬಿಡಲಿಲ್ಲವಂತೆ."

ಫಕೀರಪ್ಪ ಒಂದೇ ಉಸಿರಿಗೆ ಹಿಂದಿರುಗಿ, ಶಿಂದೆಯ ಅಂಗಿ ಹಿಡಿದು, ಮೆಕ್ಯಾನಿಕ್ ಬಂದಿದ್ದನೇ ಎಂದು ಕೇಳಿದ. ಶಿಂದೆಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

"ಬಂದಿದ್ದ ಸಾಹೇಬ. ಲಿಫ್ಟ್ ರಿಪೇರಿಗೆ ಅಂದ. ನಮ್ಮ ಸೆಕ್ರೆಟರಿ ಸಾಹೇಬರು ಅದನ್ನು ಆಗಲೇ ಮಾಡಿಸಿದ್ದಾರೆ, ಸಭೆಯಲ್ಲಿ ಎಲ್ಲರ ಮುಂದೆ ಝಾಲಂ ಅಂದಿದ್ದಾರೆ, ಪೂಜೆಯೂ ಆಗಿದೆ, ನೀನು ಯಾವ ಕಳ್ಳ ಎಂದು ಓಡಿಸಿದೆ. ನಿಮ್ಮ ಮಾತಿನ ಮೇಲೆ ಓಡಿಸಿದೆ ಸಾಹೇಬ."

ಫಕೀರಪ್ಪನ ಕೈ ಸಡಿಲವಾಯಿತು. ಶಿಂದೆಯ ಕಾಲರನ್ನು ತಾನೇ ನೆಟ್ಟಗೆ ಮಾಡಿ, ಅಲ್ಲೇ ಪಾರ್ಕಿಂಗಿನ ಕಟ್ಟೆಯ ಮೇಲೆ ಕೂತ. ಮೆಕ್ಯಾನಿಕ್ ಬಂದಿದ್ದ ದಿನ ಅನಂತರಾಮು ಬಾಗಿಲು ನೋಡುತ್ತ ಮಲಗಿದ್ದರು.

ಮರುದಿನ ರಜೆ ಹಾಕಿ ಮೆಕ್ಯಾನಿಕನನ್ನು ತಾನೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ತಾರಸಿಯ ಮೇಲಿನ ಯಂತ್ರದ ಕೋಣೆಯಲ್ಲಿ ಟಾರ್ಚ್ ಹಿಡಿದು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಒಂದು ಸಣ್ಣ ಭಾಗ ಸುಟ್ಟಿತ್ತು. ಊಟದ ಹೊತ್ತಿಗೆ ಲಿಫ್ಟು ಗರ್ ಎಂದು ಮೇಲೆದ್ದಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಿಗೆ ಕಟ್ಟಿದ್ದ ಲಿಂಬೆಹಣ್ಣು ಒಣಗಿ ಕಪ್ಪಾಗಿತ್ತು, ಅದನ್ನು ಫಕೀರಪ್ಪ ಕಿತ್ತು ಜೇಬಿಗೆ ಹಾಕಿಕೊಂಡ.

ಅವನು ನಾಲ್ಕನೇ ಮಹಡಿಯ ಬಾಗಿಲು ತಟ್ಟಿದ. ಪುಟ್ಟತಾಯಮ್ಮ ಕೋಲೂರಿಕೊಂಡು ಬಂದು ತೆರೆದರು.

"ಲಿಫ್ಟ್ ಬಂದದ್ರೀ ಅಮ್ಮಾರ" ಎಂದ. ಆಮೇಲೆ ತಡೆಯಲಾಗಲಿಲ್ಲ. "ಅವತ್ತ ಆಗಿದ್ದಿಲ್ರೀ. ನಾ ಏನೂ ಮಾಡಿದ್ದಿಲ್ಲ. ಸುಳ್ಳ ಹೇಳಿದ್ದೆ. ಕುರ್ಚ್ಯಾಗ ಇಳಿಸೋಣು ಅಂತ ನಮ್ಮಕಿ ಹೇಳಿದ್ಲು, ಅದಕ್ಕೂ ನಾನ ಅಡ್ಡ ಬಂದೆ."

"ಲಿಫ್ಟ್ ಆಗಿಲ್ಲ ಅಂತ ನಂಗೊತ್ತಿತ್ತು. ನಮ್ಮನೆ ಗೋಡೆ ಪಕ್ಕಾನೇ ಅಲ್ವೇ ಅದಿರೋದು? ಓಡಿದ್ರೆ ಸದ್ದು ಕೇಳಿಸ್ತಿತ್ತು."

"ಮತ್ತ ದಿನಾ ಸೀರಿ ಉಟ್ಕೊಂಡು ಕುಂಡ್ರತಿದ್ರಲ್ರೀ?"

"ನೀವು ಬರ್ತದೆ ಅಂದ್ರಲ್ಲಪ್ಪ" ಎಂದರು ಪುಟ್ಟತಾಯಮ್ಮ.

ಬೈದಿದ್ದರೆ ಫಕೀರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಪುಟ್ಟತಾಯಮ್ಮ ಸ್ವಲ್ಪ ಹೊತ್ತು ಅವನ ಮಸಿಯಾದ ಕೈಗಳನ್ನು ನೋಡಿದರು. ಆಮೇಲೆ ಬಾಗಿಲ ಹಿಂದಿನ ಚಪ್ಪಲಿಗೆ ಕಾಲು ತೂರಿಸಿದರು.

"ನಡೀರಿ. ಇಷ್ಟು ಕಷ್ಟಪಟ್ಟು ಮಾಡ್ಸಿದೀರಿ. ಒಂದ್ಸಲ ಹೋಗಿ ಬರೋಣ."

ಇಬ್ಬರೂ ಇಳಿದರು. ಕೆಳಗೆ ಬಾಗಿಲು ತೆರೆದಾಗ ಮಧ್ಯಾಹ್ನದ ಪಾರ್ಕಿಂಗಿನಲ್ಲಿ ಯಾರೂ ಇರಲಿಲ್ಲ. ಪುಟ್ಟತಾಯಮ್ಮ ಹೊರಗೆ ಕಾಲಿಡಲಿಲ್ಲ. ಲಿಫ್ಟಿನಲ್ಲೇ ನಿಂತು ಗೇಟಿನ ಕಡೆ ನೋಡಿದರು.

"ಆಸ್ಪತ್ರೆ ಯಾವ ಕಡೆ?"

"ಗೇಟ್ ದಾಟಿ ಬಲಕ್ರೀ. ಕಬ್ಬಿನ ಹಾಲಿನ ಅಂಗಡಿ ಆದ ಮ್ಯಾಲೆ."

ಅವರು ಬಲಗಡೆಗೆ ಕತ್ತು ಹೊರಳಿಸಿ, ಕಾಣದ ಆ ಅಂಗಡಿಯ ಕಡೆಗೆ ಸುಮ್ಮನೆ ನೋಡುತ್ತ ನಿಂತರು. ಮುಚ್ಚಲು ಬಂದ ಬಾಗಿಲನ್ನು ಫಕೀರಪ್ಪ ಕೈಯಿಂದ ತಡೆದು ಹಿಡಿದುಕೊಂಡಿದ್ದ.

"ಸಾಕು, ಮೇಲಕ್ಕೆ ಹೋಗೋಣ" ಎಂದರು ಕೊನೆಗೆ.

ಫಕೀರಪ್ಪ ಗುಂಡಿಗಳ ಕಡೆ ತಿರುಗಿದ. ಕಣ್ಣು ತುಂಬಿ ನಾಲ್ಕು ಯಾವುದು, ಎರಡು ಯಾವುದು ಎಂದು ಕಾಣಲಿಲ್ಲ. ಪುಟ್ಟತಾಯಮ್ಮನೇ ಕೈ ಚಾಚಿ ಒತ್ತಿದರು.